ಶಾಲೆಯ ಅಂಗಳದ ಬಿಳಿ ಮರಳು

ನೆಲ ಬೆಳೆಯುವುದಿಲ್ಲ. ಇದು ನನ್ನ ಕಸುಬಿನ ಮೊದಲ ಪಾಠ. ಹುಲ್ಲು ಬೆಳೆಯುತ್ತದೆ, ಮನೆ ಬೆಳೆಯುತ್ತದೆ, ಕಂಟ್ರಾಕ್ಟರನ ಹೊಟ್ಟೆ ಬೆಳೆಯುತ್ತದೆ. ನೆಲ ಮಾತ್ರ ಇದ್ದಲ್ಲೇ ಇರುತ್ತದೆ. ಆದರೆ ಎರಡು ಸರ್ವೆಗಳ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ, ಒಂದು ಶಾಲೆಯ ಅಂಗಳ ಕೆಲವೇ ವರ್ಷಗಳಲ್ಲಿ ಒಂದು ಗೇಣಿಗೂ ಮಿಗಿಲಾಗಿ ಮೇಲೆದ್ದಿರುವುದು ಕಂಡಿತು. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಆಗಲೇ ಅನ್ನಿಸಿತು. ಯಾರು ಎಂಬುದಷ್ಟೇ ಗೊತ್ತಾಗಬೇಕಿತ್ತು.

ಸುನಾಮಿ ಬಂದುಹೋದ ನಂತರದ ವರ್ಷಗಳು ಅವು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಬೇಕರಿಯ ಮೇಲಿನ ಮಹಡಿ ನಮ್ಮ ಆಫೀಸು. ಕೆಳಗಿನಿಂದ ಸದಾ ಬನ್ನಿನ ವಾಸನೆ, ಮೇಲೆ ನಾವು ಹತ್ತು ಹನ್ನೆರಡು ಜನ. ಹಿಂದೂ ಮಹಾಸಾಗರದ ಒಂದು ದ್ವೀಪ ದೇಶದ ಕೆಲಸ ನಮ್ಮ ಬಾಸ್‌ಗೆ ಹೇಗೋ ಸಿಕ್ಕಿತ್ತು. ಅಲ್ಲಿ ಒಂದೊಂದು ಪುಟ್ಟ ದ್ವೀಪಕ್ಕೂ ಅದರದೇ ಸಮಿತಿ, ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. ಸಮುದ್ರ ಮೆಲ್ಲಗೆ ಏರುತ್ತಿದೆ, ಹುಣ್ಣಿಮೆಯ ಉಬ್ಬರಕ್ಕೆ ನೀರು ಬೀದಿಗೇ ಬರುತ್ತಿದೆ. ಆ ಸಮಿತಿಗಳ ಪರವಾಗಿ ನೆಲದ ಎತ್ತರ ಅಳೆದು, ನೀರು ಎಲ್ಲಿಯವರೆಗೆ ನುಗ್ಗಬಹುದು, ತಡೆಗೋಡೆ ಎಲ್ಲಿ ಬೇಕು, ಮಳೆನೀರಿನ ಟ್ಯಾಂಕ್ ಎಲ್ಲಿ, ಆಪತ್ತಿನಲ್ಲಿ ಜನ ಓಡಿಹೋಗಿ ನಿಲ್ಲುವ ಜಾಗ ಯಾವುದು ಎಂದು ನಕ್ಷೆ ಬರೆದುಕೊಡುವುದು ನಮ್ಮ ಕೆಲಸ. ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲೆ ಕೂತು ನಾವು ಸಮುದ್ರಕ್ಕೆ ಗಡಿ ಹಾಕುತ್ತಿದ್ದೆವು.

ಆ ದೇಶದ ರಾಜಧಾನಿಯವರು ಒಂದು ನಿಯಮ ಮಾಡಿದ್ದರು. ದ್ವೀಪದಲ್ಲಿ ಎಲ್ಲಾದರೂ ಒಂದು ಕಡೆ ಅವರು ಹೇಳಿದಷ್ಟು ಎತ್ತರದ ಸಹಜ ನೆಲ ಇದ್ದರೆ ಗೋಡೆಗೂ ಟ್ಯಾಂಕಿಗೂ ಹಣ ಬರುತ್ತದೆ, ಜನ ಅಲ್ಲೇ ಇರಬಹುದು. ಇಲ್ಲದಿದ್ದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ದೊಡ್ಡ ದ್ವೀಪವೊಂದಕ್ಕೆ ಹೋಗಬೇಕು. ನಾನು ಹೇಳುತ್ತಿರುವ ದ್ವೀಪದ ಹಳೆಯ ಸರ್ವೆಯಲ್ಲಿ ಅಂಥ ನೆಲವೇ ಇರಲಿಲ್ಲ. ನಮ್ಮ ಹೊಸ ಸರ್ವೆಯಲ್ಲಿ ಶಾಲೆಯ ಅಂಗಳ ಆ ಗೆರೆಯನ್ನು ದಾಟಿ ಕೂತಿತ್ತು, ಅದೂ ಕೂದಲೆಳೆಯಷ್ಟೇ ಮೇಲೆ. ಪಾಸಾಗಲು ಮೂವತ್ತೈದು ಬೇಕಾದಾಗ ಮೂವತ್ತಾರು ತೆಗೆದ ಹುಡುಗನ ಉತ್ತರಪತ್ರಿಕೆಯನ್ನು ಯಾವ ಮೇಷ್ಟ್ರಾದರೂ ಇನ್ನೊಮ್ಮೆ ನೋಡುತ್ತಾರೆ.

ನನ್ನ ಸ್ವಭಾವವೂ ಹಾಗೇ ಅನ್ನಿ. ಅದಕ್ಕೆ ಮೊದಲು ಬನಶಂಕರಿ ಕಡೆ ರಸ್ತೆ, ಮೋರಿಗಳ ಅಳತೆ ಸರಿಯಿದೆಯೇ ಎಂದು ತಾಳೆ ನೋಡುವ ಕೆಲಸ ಮಾಡಿದ್ದೆ. ಆ ಕೆಲಸ ಮಾಡಿದವರು ಮನೆಯಲ್ಲಿ ಅಮ್ಮ ಹಾಕುವ ಅರ್ಧ ಚಮಚ ಉಪ್ಪನ್ನೂ ನಂಬುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ನನ್ನಂಥವರಿಗೇ ಇರಬೇಕು.

ಮೊದಲ ಅನುಮಾನ ನಮ್ಮ ಸರ್ವೆಯರ್ ಮೇಲೆ ಹೋಯಿತು. ಆತ ಬಾಗಲಕೋಟೆ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಊರಿನ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ. ದ್ವೀಪಗಳಿಗೆ ಹೋಗಿ ಅಳತೆ ಮಾಡಿ ಬಂದವನು ಅವನೇ. ಜೆಟ್ಟಿಯ ಸಿಮೆಂಟಿನಲ್ಲಿ ಹೂತಿಟ್ಟ ಒಂದು ಹಿತ್ತಾಳೆ ಗುಂಡಿಯ ಎತ್ತರ ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲಿಂದ ಹೊರಟು, ಲೆವೆಲ್ ಯಂತ್ರದಲ್ಲಿ ಕಣ್ಣಿಟ್ಟು, ಅಳತೆ ಕೋಲನ್ನು ಜಾಗದಿಂದ ಜಾಗಕ್ಕೆ ಹಿಡಿಸುತ್ತಾ ಊರೆಲ್ಲ ಸುತ್ತಿ ಮತ್ತೆ ಅದೇ ಗುಂಡಿಗೆ ಬರಬೇಕು. ಹೊರಟ ಎತ್ತರವೂ ತಿರುಗಿ ಬಂದ ಎತ್ತರವೂ ಒಂದೇ ಆದರೆ ಕೆಲಸ ಸರಿ. ಅವನದು ಅಚ್ಚುಕಟ್ಟಾಗಿ ಕೂಡಿತ್ತು. ಗೆಸ್ಟ್‌ಹೌಸಿನ ಫ್ಯಾನಿನ ಕೆಳಗೆ ಕೂತು ಬರೆದ ಲೆಕ್ಕವೂ ಹಾಗೇ ಅಚ್ಚುಕಟ್ಟಾಗಿ ಕೂಡುತ್ತದೆ ಎಂದು ನನಗೆ ಗೊತ್ತಿತ್ತು.

ಆಫೀಸಿನ ಎದುರಿನ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ಕೇಳಿಯೇಬಿಟ್ಟೆ.

"ಆ ಶಾಲೆ ಅಂಗಳಕ್ಕೆ ನೀವೇ ಹೋಗಿದ್ರಾ, ಇಲ್ಲ ಯಾರಾದ್ರೂ ಹೇಳಿದ್ದನ್ನ ಬರ್ಕೊಂಡ್ರಾ?"

ಅವನು ಲೋಟ ಕೆಳಗಿಟ್ಟ. "ಯಾಕ್ರೀ ಮೇಡಂ, ನನ್ನ ಮ್ಯಾಲ ಡೌಟ್ ಏನು?"

"ಡೌಟ್ ಅಲ್ಲ, ಕೇಳಿದೆ."

"ಕೇಳೂದಂದ್ರ ಅದ ಅಲ್ಲೇನ್ರಿ. ಎರಡ ಸಲ ನೋಡೇನಿ. ಬಿಸಲಾಗ ನಿಂತು ಮಾರಿ ಸುಟ್ಟದ, ನೋಡ್ರಿ ಬೇಕಾದ್ರ. ಸುನಾಮಿ ಬಂದಾಗ ಉಸುಕು ಬಂದ ಕುಂತಿರಬೇಕು ಅಂತ ನಾನು ಅನ್ಕೊಂಡೆ."

ಅದೂ ಒಂದು ಮಾತೇ. ಅಲೆ ಮರಳನ್ನು ಹೊತ್ತು ತರುತ್ತದೆ. ಮೇಜಿಗೆ ಮರಳಿ ಅಂಕಿಗಳನ್ನು ಮತ್ತೆ ಹರಡಿದೆ. ಶಾಲೆಯ ಹೊರಗಿನ ಬೀದಿ ಹಳೆಯ ಎತ್ತರದಲ್ಲೇ ಇತ್ತು. ಪಕ್ಕದ ಮನೆಗಳೂ ಹಾಗೇ. ಏರಿದ್ದು ಕಾಂಪೌಂಡಿನ ಒಳಗೆ ಮಾತ್ರ, ನಾಲ್ಕು ಮೂಲೆಗೂ ಸಮನಾಗಿ. ಯಾವ ಅಲೆ ಗೇಟು ನೋಡಿಕೊಂಡು ಒಳಗೆ ಹೋಗಿ ಮರಳು ಸುರಿದು ಬರುತ್ತದೆ? ಸರ್ವೆಯರ್ ಮೇಲಿನ ಅನುಮಾನ ಇಳಿದು, ಅಲ್ಲಿನ ಸಮಿತಿಯ ಮೇಲೆ ಏರಿತು. ಅಂಕಿ ತಪ್ಪಲ್ಲದಿದ್ದರೆ ನೆಲವೇ ತಪ್ಪು. ಯಾರೋ ನೆಲವನ್ನೇ ಎತ್ತಿದ್ದಾರೆ.

ಬಾಸ್‌ಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ನೋಡಮ್ಮ, ನಮ್ಮ ಕೆಲಸ ಅಳೆಯೋದು. ಅಳೆದಾಯ್ತು, ನಂಬರ್ ಪಾಸ್ ಆಗಿದೆ. ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ?" ಎಂದರು.

"ಸಾರ್, ನೀರು ಬಂದಾಗ ಊರಿನ ಜನ ಎಲ್ಲ ಹೋಗಿ ನಿಲ್ಲೋದು ಅಲ್ಲೇ. ತಂದು ಸುರಿದ ಮರಳಾದ್ರೆ ಮೊದಲನೇ ಅಲೆಗೇ ಕಾಲ ಕೆಳಗಿಂದ ಜಾರಿಹೋಗುತ್ತೆ."

ಬಾಸ್ ಕನ್ನಡಕ ಹಾಕಿಕೊಂಡರು. ಮುಂದಿನ ವಾರ ಆ ಸಮಿತಿಗಳವರೇ ತರಬೇತಿಗೆ ಬರುತ್ತಾರಲ್ಲ, ಆಗ ಕೇಳಿಕೋ, ಆದರೆ ಅತಿಥಿಗಳಿಗೆ ಬೇಜಾರಾಗಬಾರದು ಎಂದರು.

ಜೆ.ಪಿ. ನಗರದ ಒಂದು ಬಾಡಿಗೆ ಹಾಲಿನಲ್ಲಿ ತರಬೇತಿ. ಆ ದ್ವೀಪದಿಂದ ಇಬ್ಬರು ಬಂದಿದ್ದರು. ಒಬ್ಬರು ಸಮಿತಿಯ ಅಧ್ಯಕ್ಷರು, ಐವತ್ತು ದಾಟಿದ ಒಣಕಲು ಮೈಯವರು, ಮೊದಲು ದೋಣಿ ಕಟ್ಟುವ ಬಡಗಿಯಾಗಿದ್ದರಂತೆ. ಇನ್ನೊಬ್ಬರು ಸಮಿತಿಯ ಸದಸ್ಯೆ, ನನ್ನದೇ ವಯಸ್ಸು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಎಲ್ಲವನ್ನೂ ಕುತೂಹಲದಿಂದ ನೋಡುತ್ತಿದ್ದ ಹೆಂಗಸು. ಇಬ್ಬರೂ ಇಂಗ್ಲಿಷನ್ನು, ಸಿನಿಮಾ ನೋಡಿ ಕಲಿತ ಹಿಂದಿಯನ್ನು ಬೆರೆಸಿ ಮಾತಾಡುತ್ತಿದ್ದರು. ಅವರು ಆಡಿದ್ದನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ದಿನವೇ ಅಧ್ಯಕ್ಷರು ನನಗೆ ಒಂದು ಪೊಟ್ಟಣ ಕೊಟ್ಟರು. ಒಣಗಿಸಿದ ಮೀನು, ಸೌದೆಯ ಚೂರಿನಷ್ಟು ಗಟ್ಟಿ. ನಮ್ಮ ಊರಿನಲ್ಲಿ ಸ್ವೀಟ್ ಬಾಕ್ಸ್ ಮುಂದೆ ಬಂದರೆ ಅದರ ಹಿಂದೆಯೇ ಬಿಲ್ ಬರುತ್ತದೆ. ಬೇರೆ ಯಾರಿಗೂ ಕೊಡದೆ ನನಗೇ ಏಕೆ ಕೊಟ್ಟರು ಎಂದು ಮಧ್ಯಾಹ್ನದವರೆಗೂ ಯೋಚಿಸಿದೆ. ಊಟದ ಹೊತ್ತಿಗೆ ಬಾಸ್ ಮೂಗು ಮುಚ್ಚಿಕೊಂಡು ಅಂಥದೇ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ತಂದು, "ಇದನ್ನ ಏನ್ ಮಾಡೋದಮ್ಮ?" ಎಂದು ಕೇಳಿದಾಗ, ಎಲ್ಲರಿಗೂ ಕೊಟ್ಟಿದ್ದಾರೆ ಎಂದು ತಿಳಿಯಿತು. ಆದರೂ ನನ್ನ ಪೊಟ್ಟಣ ಸ್ವಲ್ಪ ದೊಡ್ಡದೇ ಇತ್ತು.

ಅವರ ಅನುಮಾನವೂ ನನ್ನದಕ್ಕಿಂತ ಕಡಿಮೆ ಇರಲಿಲ್ಲ. ನಾನು ಹಲಗೆಯ ಮೇಲೆ ಏನಾದರೂ ಬರೆದರೆ ಅಧ್ಯಕ್ಷರು ಕೈಯೆತ್ತುತ್ತಿದ್ದರು.

"ಈ ನಕ್ಷೆ ಯಾರ ಕೈಗೆ ಹೋಗುತ್ತೆ?"

"ನಿಮ್ಮ ರಾಜಧಾನಿಗೆ."

"ಅಲ್ಲಿಂದ?"

"ಅದು ನನಗೆ ಗೊತ್ತಿಲ್ಲ."

"ಹೋಟೆಲ್ ಕಟ್ಟೋರಿಗೂ ಸಿಗುತ್ತಾ? ಜನ ಇಲ್ಲದ ದ್ವೀಪ ಅಂದ್ರೆ ಅವರಿಗೆ ಬಹಳ ಇಷ್ಟ."

ಉಳಿದವರು ನಕ್ಕರು. ಅವರು ನಗಲಿಲ್ಲ. ನಾನು ಅವರನ್ನು ನೋಡುವುದು, ಅವರು ನನ್ನನ್ನು ನೋಡುವುದು, ಹೀಗೇ ದಿನಗಳು ಹೋದವು. ಶಾಲೆಯ ಅಂಗಳದ ಬಗ್ಗೆ ಸುತ್ತಿ ಬಳಸಿ ಕೇಳಿದೆ. "ಹಳೇ ಸರ್ವೆ ಮಾಡಿದವರು ಸರಿಯಾಗಿ ಮಾಡಿರಲಿಲ್ಲ" ಎಂದು ಅವರು ಹೇಳಿದರು. ಸದಸ್ಯೆ ಕಿಟಕಿಯಾಚೆ ನೋಡುತ್ತಿದ್ದರು.

ಇಟ್ಟಮಡುವಿನಲ್ಲಿ ಆಗ ಒಂದು ರಸ್ತೆಯ ದಪ್ಪ ತಾಳೆ ನೋಡುವ ಕೆಲಸ ನಡೆಯುತ್ತಿತ್ತು. ಅಲ್ಲಿನ ಇಂಜಿನಿಯರ್ ನನಗೆ ಹಳೆಯ ಪರಿಚಯ. ತರಬೇತಿಯ ಭಾಗ ಎಂದು ಹೇಳಿ ಎಲ್ಲರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದೆ. ಉದ್ದೇಶ ತರಬೇತಿ ಅಲ್ಲ ಎಂದು ನನಗೆ ಗೊತ್ತಿತ್ತು, ಅಧ್ಯಕ್ಷರಿಗೂ ಗೊತ್ತಿತ್ತು ಎಂದು ಕಾಣುತ್ತದೆ. 

ನಮ್ಮ ರಸ್ತೆಗಳ ಕಥೆ ಗೊತ್ತಲ್ಲ. ಹಳೆಯ ಡಾಂಬರು ಕೀಳುವುದಿಲ್ಲ, ಅದರ ಮೇಲೇ ಹೊಸದನ್ನು ಬಳಿಯುತ್ತಾರೆ. ರಸ್ತೆ ಏರುತ್ತಾ ಹೋಗುತ್ತದೆ, ಮನೆಗಳು ಇದ್ದಲ್ಲೇ ಉಳಿಯುತ್ತವೆ. ಕೊನೆಗೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಮೆಟ್ಟಿಲು ಇಳಿದು ಹೋಗಬೇಕಾಗುತ್ತದೆ. ಎಷ್ಟು ಬಳಿದಿದ್ದಾರೆ, ನಿಜವಾಗಿ ಬಳಿದಿದ್ದಾರೆಯೇ ಎಂದು ತಿಳಿಯಲು ಇರುವುದು ಒಂದೇ ದಾರಿ. ರಸ್ತೆಯ ಮಧ್ಯೆ ಚೌಕಾಕಾರದ ಗುಂಡಿ ತೋಡಿ ಅದರ ಪಕ್ಕದ ಗೋಡೆ ನೋಡುವುದು.

ಗುಂಡಿ ತೋಡಿ ಇಟ್ಟಿದ್ದರು. ನಾನು ಕೂತು, ನೀರು ಚಿಮುಕಿಸಿ, ಕೈಯಿಂದ ಒರೆಸಿ ತೋರಿಸಿದೆ. ಮೇಲೆ ಕಪ್ಪು ಪದರ, ಅದರ ಕೆಳಗೆ ಧೂಳಿನ ತೆಳು ಗೆರೆ, ಮತ್ತೆ ಕಪ್ಪು, ಮತ್ತೆ ಗೆರೆ. "ಪ್ರತಿ ಸಲ ಹಾಕಿದ್ದಕ್ಕೂ ಒಂದು ಗೆರೆ ಇರುತ್ತೆ. ನಿಧಾನವಾಗಿ ವರ್ಷ ವರ್ಷ ಏರಿದ್ದಾ, ಒಂದೇ ಸಲ ಹಾಕಿದ್ದಾ ಅಂತ ಗುಂಡಿ ಹೇಳಿಬಿಡುತ್ತೆ. ಮೇಲಿಂದ ಏನೇ ಸಾರಿಸಿದ್ರೂ ಒಳಗೆ ಬಚ್ಚಿಡೋಕಾಗಲ್ಲ" ಎಂದೆ. ಹೇಳುವಾಗ ಅಧ್ಯಕ್ಷರ ಮುಖವನ್ನೇ ನೋಡುತ್ತಿದ್ದೆ.

ಮಾತಾಡಿದ್ದು ಸದಸ್ಯೆ. ಆಕೆಗೆ ಆ ಗೆರೆಗಳನ್ನು ಕಂಡು ನಿಜವಾದ ಖುಷಿ. "ನಮ್ಮಲ್ಲೂ ಹೀಗೇ ಇರುತ್ತೆ. ಪ್ರತಿ ವರ್ಷ ಉಪವಾಸದ ತಿಂಗಳಿಗೆ ಮುಂಚೆ ಹೆಂಗಸರೆಲ್ಲ ಸೇರಿ ಕಡಲ ತೀರದಿಂದ ಬಿಳೀ ಮರಳು ಹೊತ್ತು ತಂದು ಬೀದಿಗೆ, ಅಂಗಳಕ್ಕೆ ಹರಡ್ತೀವಿ. ತೆಳ್ಳಗೆ, ಒಂದು ಬೆರಳು ದಪ್ಪ. ಮಳೆಗೆ ಅರ್ಧ ಹೋಗಿಬಿಡುತ್ತೆ. ಹೋದ ಸಲ ಮಾತ್ರ ಶಾಲೆಗೆ ತುಂಬಾ..."

ಅಧ್ಯಕ್ಷರು ತಮ್ಮ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳಿದರು. ಆಕೆಯ ಬಾಯಿ ಮುಚ್ಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ನನಗೆ ಗೆದ್ದ ಹಾಗೆ ಅನ್ನಿಸಿತು. ಮನಸ್ಸಿನಲ್ಲೇ ವರದಿಯ ವಾಕ್ಯ ಬರೆದುಬಿಟ್ಟೆ: ಅಂಗಳದ ಎತ್ತರ ಕೃತಕ, ದ್ವೀಪದಲ್ಲಿ ಸುರಕ್ಷಿತ ನೆಲ ಇಲ್ಲ. ಅಧ್ಯಕ್ಷರ ಮನೆ ಶಾಲೆಯ ಪಕ್ಕದಲ್ಲೇ ಇರಬೇಕು, ಗೋಡೆಯ ಗುತ್ತಿಗೆ ಅವರ ಮಗನಿಗೋ ಅಳಿಯನಿಗೋ ಹೋಗಬೇಕು ಎಂದು ಉಳಿದದ್ದನ್ನೂ ನಾನೇ ತುಂಬಿಕೊಂಡೆ.

ಮಾರನೆಯ ಬೆಳಗ್ಗೆ ಜಯನಗರದ ಪಕ್ಕದ ಸಿದ್ದಾಪುರದ ನಮ್ಮ ಮನೆಯ ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು. ಹತ್ತಿರದ ಮಸೀದಿಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿಸಿ, ಬಾಸ್‌ರಿಂದ ವಿಳಾಸ ಕೇಳಿಕೊಂಡು ಹುಡುಕಿ ಬಂದಿದ್ದರು. ನಮ್ಮ ಮನೆಯೂ ರಸ್ತೆಗಿಂತ ಎರಡು ಮೆಟ್ಟಿಲು ಕೆಳಗೆ. ಅವರು ಅದನ್ನು ನೋಡಿದರು. ಚಪ್ಪಲಿ ಬಿಟ್ಟು ಇಳಿದು ಬಂದು ಕೂತರು. ಅಮ್ಮ ಕಾಫಿ ಕೊಟ್ಟಳು.

"ಮರಳು ನಾವೇ ಹಾಕಿದ್ದು. ನಿಮ್ಮ ಮನುಷ್ಯ ಅಳೆಯೋಕೆ ಬರ್ತಾನೆ ಅಂತ ಗೊತ್ತಾದ ಮೇಲೆ ಊರೆಲ್ಲ ಸೇರಿ ಹಾಕಿದ್ವಿ. ಹಬ್ಬದ ಹೆಸರಲ್ಲಿ."

"ನಿಮ್ಮ ಮಕ್ಕಳೇ ಅಲ್ಲಿ ನಿಂತ್ಕೊಳ್ಳೋದಲ್ವಾ ಸಾರ್? ಆ ಮರಳು ಉಳಿಯುತ್ತಾ?"

"ಇಲ್ಲ. ನಾನು ದೋಣಿ ಕಟ್ಟಿದವನು, ನೀರು ಏನು ಮಾಡುತ್ತೆ ಅಂತ ನನಗೆ ಗೊತ್ತು. ಶಾಲೆಗೆ ಯಾರೂ ಓಡಿಹೋಗಲ್ಲ. ನಮಗೆ ಎತ್ತರದ ಜಾಗ ಬೇರೆ ಇದೆ."

"ಎಲ್ಲಿ? ಸರ್ವೆಯಲ್ಲಿ ಇಲ್ವಲ್ಲ."

ಅವರು ಕಾಫಿ ಕುಡಿದು ಮುಗಿಸಿದರು. ಆಮೇಲೆ ಹೇಳಿದರು. ಊರಿನ ಹಿಂದೆ ಗೋಡೆ ಕಟ್ಟಿದ ಹಳೆಯ ಖಬರಸ್ತಾನ ಇದೆ. ಇಡೀ ದ್ವೀಪಕ್ಕೆ ಅದೇ ಎತ್ತರ. ಸುನಾಮಿಯ ದಿನ ನೀರು ಅದರ ಗೋಡೆಯನ್ನು ಮುಟ್ಟಿ ಹಿಂದೆ ಹೋಯಿತು. ಹಳೆಯ ಸರ್ವೆಯವರಿಗೂ ನಮ್ಮ ಸರ್ವೆಯರ್‌ಗೂ ಅದು ತಗ್ಗು ಜಾಗ, ಒಳಗೆ ಪೊದೆ, ಹೊರಗಿನವರು ಹೋಗುವಂತಿಲ್ಲ ಎಂದು ಹೇಳಿ ದಾಟಿಸಿದ್ದರು.

"ನಕ್ಷೆಯಲ್ಲಿ ಅದು ಎತ್ತರ ಅಂತ ಬಂದ್ರೆ, ನೀರು ಬಂದಾಗ ಜನ ನಿಲ್ಲೋಕೆ ಅಂತ ಅಲ್ಲೇ ಕಟ್ಟಡ ಕಟ್ತಾರೆ. ಕಂಬಕ್ಕೆ ಅಗೀತಾರೆ. ಕೆಳಗೆ ನಮ್ಮ ಅಪ್ಪ ಇದಾರೆ, ಅವರಪ್ಪ ಇದಾರೆ. ನಕ್ಷೆಗೆ ಬರದೇ ಹೋದ್ರೆ ಊರೇ ಬಿಡಬೇಕು. ಆಗ ಅವರನ್ನ ನೋಡ್ಕೊಳ್ಳೋರು ಯಾರು? ನಿಮ್ಮ ಊರಲ್ಲಾದ್ರೆ ಏನು ಮಾಡ್ತಿದ್ರಿ?"

 ನಮ್ಮ ಊರಿನಲ್ಲಿ ಕೆರೆಯ ಮೇಲೆ ಬಸ್ ನಿಲ್ದಾಣ ಬಂದಿದೆ, ಗುಂಡುತೋಪಿನ ಮೇಲೆ ಲೇಔಟ್ ಬಂದಿದೆ. ಒಂದು ಜಾಗ ಸರ್ಕಾರದ ನಕ್ಷೆಯಲ್ಲಿ 'ಉಪಯೋಗಕ್ಕೆ ಯೋಗ್ಯ' ಎಂದು ಬಿದ್ದ ಮೇಲೆ ಯಾರಪ್ಪನ ಮಾತನ್ನೂ ಕೇಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಭಯ ಸರಿಯಾಗಿಯೇ ಇತ್ತು. ಅವರ ಮೇಲೆ ಮರುಕ ಬಂತು, ಅದು ಬಂದಿದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು. ಒಮ್ಮೆ ಮೋಸ ಮಾಡಿದವರು ಇನ್ನೊಮ್ಮೆ ಕಥೆ ಕಟ್ಟಲಾರರೇ? ಬೆಳ್ಳಗಿರುವುದೆಲ್ಲ ಹಾಲಲ್ಲ.

"ಅಳೆಯದೇ ನಾನು ನಂಬಲ್ಲ" ಎಂದೆ.

"ಗೊತ್ತು. ಅಳೀರಿ. ಆದ್ರೆ ಒಳಗೆ ಹೋಗದೇ ಅಳೀರಿ."

ದಾರಿ ಒಂದಿತ್ತು. ಯಂತ್ರ ಗೋಡೆಯ ಹೊರಗೇ ನಿಲ್ಲಬಹುದು. ಒಳಗೆ ಹೋಗಬೇಕಾದ್ದು ಅಳತೆ ಕೋಲು ಮಾತ್ರ. ಕೋಲನ್ನು ಅವರ ಮನುಷ್ಯನೇ ಹಿಡಿದರೆ ನಮ್ಮವನು ಗೋಡೆಯ ಮೇಲಿಂದ ನೋಡಿ ಓದಿಕೊಳ್ಳಬಹುದು.

ಆಫೀಸಿಗೆ ಹೋಗಿ ಬಾಸ್ ಎದುರು ಎಲ್ಲ ಹೇಳಿದೆ. ಸರ್ವೆಯರ್‌ನನ್ನು ಮತ್ತೆ ಕಳಿಸಬೇಕು. ಶಾಲೆಯ ಅಂಗಳದಲ್ಲಿ ಗುಂಡಿ ತೋಡಿ ಮರಳಿನ ಕೆಳಗಿನ ಗಟ್ಟಿ ನೆಲದ ಎತ್ತರ ಬರೆಯಬೇಕು. ಖಬರಸ್ತಾನವನ್ನು ಹೊರಗಿನಿಂದ ಅಳೆಯಬೇಕು. ಅಳೆದ ಮೇಲೆ ನಕ್ಷೆ ಮೊದಲು ರಾಜಧಾನಿಗೆ ಹೋಗಬಾರದು, ದ್ವೀಪದ ಸಮಿತಿಯ ಕೈಗೆ ಹೋಗಬೇಕು. ಆ ಜಾಗವನ್ನು ತೋರಿಸುವುದೋ ಬೇಡವೋ, ತೋರಿಸಿದರೆ ಅದನ್ನು ಏನೆಂದು ಕರೆಯುವುದೋ ಅವರೇ ಕೂತು ತೀರ್ಮಾನ ಮಾಡಲಿ.

ಬಾಸ್ ಕುರ್ಚಿಯಿಂದ ಎದ್ದೇಬಿಟ್ಟರು. "ಒಪ್ಪಂದದಲ್ಲಿ ಹಂಗಿಲ್ಲಮ್ಮ. ಅವರು ನಕ್ಷೆ ಇಟ್ಕೊಂಡು ಕೂತ್ಬಿಟ್ರೆ? ನಿನಗೇ ಅವರ ಮೇಲೆ ನಂಬಿಕೆ ಇಲ್ಲ ಅಂತೀಯ."

"ನಂಬಿಕೆ ಇಲ್ಲ ಸಾರ್. ಆದ್ರೆ ಜಾಗ ಅವರದು. ವರದಿ ಕೊಡೋ ಗಡುವಿನೊಳಗೆ ಅವರು ಹೇಳದೇ ಇದ್ರೆ ಸುರಕ್ಷಿತ ನೆಲ ಇಲ್ಲ ಅಂತ ನಾನೇ ಬರೆದು ಕಳಿಸ್ತೀನಿ. ಅದನ್ನ ಅವರಿಗೂ ಹೇಳಿದೀನಿ."

ಬಾಸ್ ಎರಡು ದಿನ ನನ್ನ ಕಂಡರೆ ಮುಖ ತಿರುಗಿಸಿದರು. ಮೂರನೆಯ ದಿನ ಸರ್ವೆಯರ್‌ಗೆ ಟಿಕೆಟ್ ಮಾಡಿಸಿದರು. ಕೆಲಸ ಕೆಟ್ಟರೆ ಹೊಣೆ ಇವಳದೇ ಎಂದು ಎಲ್ಲರ ಎದುರು ಹೇಳಿ, ತಮ್ಮ ರಕ್ಷಣೆಗೊಂದು ಮಾತು ಇಟ್ಟುಕೊಂಡರು. ತರಬೇತಿ ಮುಗಿಸಿದ ಅಧ್ಯಕ್ಷರು, ಸದಸ್ಯೆ, ನಮ್ಮ ಸರ್ವೆಯರ್ ಒಂದೇ ವಿಮಾನದಲ್ಲಿ ಹೋದರು.

ಅಲ್ಲಿಂದ ಅವನು ಫೋನ್ ಮಾಡಿದ. "ಮೇಡಂ, ಸಾಲಿ ಅಂಗಳದಾಗ ತೋಡಿಸಿದೆ. ಒಂದ ಪದರ್ ಬಿಳೀ ಉಸುಕು, ನಡುವ ಗೆರಿ ಇಲ್ಲ. ಕೆಳಗ ಗಟ್ಟಿ ನೆಲ ಹಳೇ ಲೆವೆಲ್ಲಿಗೇ ಅದ." ಮೋಸ ನಿಜ ಎಂದು ಖಚಿತವಾಯಿತು. ಆಮೇಲೆ ಖಬರಸ್ತಾನ. ಯಂತ್ರವನ್ನು ಗೋಡೆಯ ಹೊರಗೆ ಒಂದು ಎತ್ತರದ ಮೇಜಿನ ಮೇಲೆ ನಿಲ್ಲಿಸಿ, ತಾನು ಸ್ಟೂಲು ಹತ್ತಿ ನಿಂತನಂತೆ. ಒಳಗೆ ಆ ಜಾಗ ನೋಡಿಕೊಳ್ಳುವ ಮುದುಕರು ಕೋಲು ಹಿಡಿದು ಗೋರಿಗಳ ನಡುವೆ ನಿಧಾನವಾಗಿ ನಡೆದರು. "ಕೋಲು ಹಿಡಿಯೂಕಿಂತ ಮುಂಚೆ ಒಂದೊಂದು ಗೋರಿಗೂ ಏನೋ ಹೇಳ್ತಿದ್ರು ರೀ. ನಾ ಗಡಿಬಿಡಿ ಮಾಡ್ಲಿಲ್ಲ." ಅಲ್ಲಿನ ನೆಲ ರಾಜಧಾನಿಯ ಗೆರೆಗಿಂತ ಚೆನ್ನಾಗಿಯೇ ಮೇಲಿತ್ತು.

ನಕ್ಷೆಯನ್ನು ಅವನ ಕೈಯಿಂದಲೇ ಸಮಿತಿಗೆ ಕೊಡಿಸಿದೆ. ಆಮೇಲೆ ಕಾಯುವುದು. ಗಡುವು ಹತ್ತಿರ ಬರುತ್ತಿತ್ತು, ಅಲ್ಲಿಂದ ಸುದ್ದಿಯಿಲ್ಲ. ಬಾಸ್ ನನ್ನ ಮೇಜಿನ ಪಕ್ಕ ಹಾದುಹೋಗುವಾಗಲೆಲ್ಲ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅಧ್ಯಕ್ಷರು ನಕ್ಷೆಯನ್ನು ಸುಟ್ಟಿರಬಹುದು ಎಂದು ನನಗೆ ಒಮ್ಮೆ ಅನ್ನಿಸುತ್ತಿತ್ತು, ಸುಟ್ಟರೂ ತಪ್ಪೇನು ಎಂದು ಇನ್ನೊಮ್ಮೆ.

ಕೊನೆಗೆ ಫೋನ್ ಮಾಡಿದ್ದು ಸದಸ್ಯೆ. ಊರಿನ ಸಭೆ ಮತ್ತೆ ಮತ್ತೆ ಕೂತು ಜಗಳವಾಯಿತಂತೆ. ಅಧ್ಯಕ್ಷರು ಕೊನೆಯವರೆಗೂ ಒಪ್ಪಲಿಲ್ಲ, ಹೆಂಗಸರು ಬಿಡಲಿಲ್ಲ.

"ತೋರಿಸಿ ಅಂತ ತೀರ್ಮಾನ ಆಯ್ತು. ಆದ್ರೆ ಕಟ್ಟಡ ಬೇಡ, ಕಂಬ ಬೇಡ, ಅಗೆಯೋದು ಬೇಡ. ಗೋಡೆಗೆ ಅಗಲವಾದ ಗೇಟು ಇಡ್ತೀವಿ. ಟ್ಯಾಂಕು ಹೊರಗೆ. ನೀರು ಬಂದ್ರೆ ಎಲ್ಲರೂ ಒಳಗೆ ಹೋಗಿ ಅವರ ಮಧ್ಯೆ ನಿಲ್ತೀವಿ. ನಮ್ಮ ಹಿರಿಯರು ನಮ್ಮನ್ನ ಹೊರಗೆ ನಿಲ್ಲಿಸ್ತಾರಾ?"

 ಅವರು ಹೇಳಿದ್ದನ್ನೇ ಷರತ್ತಾಗಿ ಬರೆದು ರಾಜಧಾನಿಗೆ ಕಳಿಸಿದೆ. ಅಲ್ಲಿನ ಅಧಿಕಾರಿಯ ಉತ್ತರ ಬೇಗನೇ ಬಂತು. ಕಟ್ಟಡ ಬೇಡವೆಂದರೆ ಅವರಿಗೇನೂ ಅಭ್ಯಂತರವಿಲ್ಲ, ಖರ್ಚು ಉಳಿಯಿತು. ಆದರೆ ಒಂದು ಪ್ರಶ್ನೆ. ಶಾಲೆಯಲ್ಲಿ ಮರಳು ತಂದು ಹಾಕಿದ್ದಾರೆ ಎಂದು ನೀವೇ ಬರೆದಿದ್ದೀರಿ. ಖಬರಸ್ತಾನದ ನೆಲ ಸಹಜ ಎಂದು ನಂಬುವುದು ಹೇಗೆ? ಅಲ್ಲಿಯೂ ಗುಂಡಿ ತೋಡಿ ನೋಡಿ ಪ್ರಮಾಣಪತ್ರ ಕೊಡಿ.

ಆ ಅಧಿಕಾರಿಯ ಜಾಗದಲ್ಲಿ ನಾನಿದ್ದರೆ ಇದನ್ನೇ ಕೇಳುತ್ತಿದ್ದೆ. ಅದಕ್ಕೇ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಗುಂಡಿ ಇಲ್ಲದೆ ಸಹಿ ಹಾಕಿಬಿಡೋಣ ಅನ್ನಿಸಿತು. ಕೈ ಮುಂದೆ ಹೋಗಲಿಲ್ಲ. ಅಲೆಗೆ ಕರಗುವ ನೆಲವಾದರೆ ಮಕ್ಕಳು ಸಾಯುತ್ತಾರೆ. ಅಗೆಯಬೇಡಿ ಎಂದು ಕೇಳಿಕೊಂಡವರ ಹತ್ತಿರ ಅಗೆಯಿರಿ ಎಂದು ಹೇಳಲು ಬಾಯಿಯೂ ಬರಲಿಲ್ಲ. "ಒಂದು ಮೂಲೇಲಿ ಸಣ್ಣದಾಗಿ ತೋಡಿಸಮ್ಮ, ಅದರಲ್ಲೇನಿದೆ?" ಎಂದು ಬಾಸ್ ಹೇಳಿದರು. ಪಕ್ಕದ ದ್ವೀಪದ ಕೆಲಸ ಮುಗಿಸುತ್ತಿದ್ದ ಸರ್ವೆಯರ್‌ಗೆ, ಅಧಿಕಾರಿ ಏನು ಕೇಳಿದ್ದಾರೆ ಎಂದಷ್ಟೇ ಸಮಿತಿಗೆ ತಿಳಿಸಿ ಬರಲು ಹೇಳಿದೆ, ತೋಡಿ ಎಂದು ಹೇಳಬೇಡಿ ಎಂದೆ.

ಅಧ್ಯಕ್ಷರು ಕೇಳಿಸಿಕೊಂಡು ಎದ್ದು ಹೋದರಂತೆ. ಅವರ ಉತ್ತರಕ್ಕೆ ಕಾಯುತ್ತಾ ನಮ್ಮ ಸರ್ವೆಯರ್ ಆ ದ್ವೀಪದಲ್ಲೇ ಉಳಿದ.

ಕೆಲವು ದಿನಗಳ ಮೇಲೆ ಬೆಳಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಮೊಬೈಲ್ ಬಡಿದುಕೊಂಡಿತು. ಸರ್ವೆಯರ್.

"ಮೇಡಂ, ಆ ಸದಸ್ಯೆ ಅಕ್ಕಾರ ಅತ್ತಿ ತೀರಕೊಂಡಾರ. ಅಧ್ಯಕ್ಷರು ಬಂದ ನಿಂತಾರ ಇಲ್ಲಿ. ಮಧ್ಯಾಹ್ನದ ನಮಾಜಿಗಿಂತ ಮುಂಚೆ ಕುಣಿ ತೋಡತಾರಂತ. ನಿಮ್ಮ ಮೇಡಂಗ ಗುಂಡಿ ಬೇಕಲ್ಲ, ಬಂದ ನೋಡು ಅಂತಾರ. ಅಕ್ಕಾರ ಹೇಳಿ ಕಳಿಸ್ಯಾರಂತ."

ನನ್ನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? "ನಿಜವಾಗ್ಲೂ ತೀರ್ಕೊಂಡಿದಾರಾ?"

 ಅವನು ತಗ್ಗಿದ ದನಿಯಲ್ಲಿ, "ಹೆಣ ನಾ ನೋಡೇನ್ರಿ ಮೇಡಂ" ಎಂದ.

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಬಸ್ಸು ಬಂತು, ಹತ್ತಲಿಲ್ಲ. ಕ್ಯಾಮೆರಾ ಒಯ್ಯಬೇಡಿ, ಕರೆದರೆ ಮಾತ್ರ ಹತ್ತಿರ ಹೋಗಿ, ಕುಣಿಯ ಪಕ್ಕದ ಗೋಡೆಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ ಸಾಕು ಎಂದು ಹೇಳಿ ಫೋನ್ ಇಟ್ಟೆ.

ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅವನ ಫೋನ್ ಬಂತು. ಮೊದಲು ಕೆಲಸದ ಮಾತು ಹೇಳಿದ. ಮೇಲೆ ಕಪ್ಪು ಮಣ್ಣು, ಬೇರುಗಳು, ಅದರ ಕೆಳಗೆ ಹವಳದ ಕಲ್ಲಿನ ಗಟ್ಟಿ ನೆಲ, ಸಲಿಕೆಗೆ ಬಗ್ಗಲಿಲ್ಲ, ಹಾರೆ ಹಾಕಿ ತೋಡಿದರು. ತಂದು ಹಾಕಿದ ಮರಳು ಎಲ್ಲೂ ಇಲ್ಲ. ಸಹಜ ನೆಲ.

"ಸರಿ, ನೀವು ಬನ್ನಿ ಇನ್ನು" ಎಂದೆ.

"ಇನ್ನೊಂದ ಅದ ರೀ. ಮಣ್ಣ ಹಾಕೂ ಮುಂದ ಅಧ್ಯಕ್ಷರು ನನ್ನ ಕರದ್ರು. ನೀನೂ ಹಾಕು ಅಂದ್ರು. ಹಾಕಿದೆ. ಮತ್ತೊಂದ ಹಿಡಿ ಕೈಯಾಗ ಕೊಟ್ಟು, ಇದು ನಿಮ್ಮ ಮೇಡಂದು ಅಂದ್ರು. ನಿಮ್ಮನ್ನ ಕೇಳದ ಹಾಕಿಬಿಟ್ಟೀನಿ. ನಡೀತದಿಲ್ಲೋ?"

"ನಡೆಯುತ್ತೆ" ಎಂದೆ.

ಅಂದೇ ಸಂಜೆ ಪ್ರಮಾಣಪತ್ರ ಬರೆದೆ. 'ಸ್ಥಳದಲ್ಲಿ ಗುಂಡಿ ತೋಡಿ ಪರೀಕ್ಷಿಸಲಾಗಿದೆ, ನೆಲ ಸಹಜವಾಗಿದೆ' ಎಂದು ಸಹಿ ಹಾಕಿದೆ. ಅದು ಯಾವ ಗುಂಡಿ, ಯಾರಿಗಾಗಿ ತೋಡಿದ್ದು ಎಂದು ರಾಜಧಾನಿಯವರು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.